ಟೊಂಗಾ ದೇಶದ ಅರಸನಾದ ಜಾರ್ಜ್ ಟೂಪೌ

ಓದತಕ್ಕ ವೇದಭಾಗಗಳು: 2 ಸಮುವೇಲ 12:1–14, ರೋಮಾಪುರದವರಿಗೆ 14:1–12.

ಅಧಿಕಾರಸ್ಥರು ಸುವಾರ್ತೆಯನ್ನು ಕೈಕೊಳ್ಳಲಿ ಎಂದು ನಾವು ಸಭೆಯಲ್ಲಿ ಪ್ರಾರ್ಥಿಸುತ್ತೇವೆ. ಅವರು ಕೈಕೊಂಡರೆ ಬಡವರಿಗೆ ಎಷ್ಟು ಉಪಕಾರವಾಗಬಹುದು, ಹಾಗೂ ಕೈಕೊಂಡವನೂ ಎಚ್ಚರ ತಪ್ಪಿದರೆ ಸಭೆಗೆ ಎಷ್ಟು ನೋವಾಗಬಹುದು ಎಂಬ ಎರಡನ್ನೂ ಈ ಅರಸನ ಚರಿತ್ರೆಯಿಂದ ಕಲಿಯಬಹುದು. ಆದದರಿಂದ ಇದನ್ನು ನಿಧಾನವಾಗಿ ಓದಿ, ಮನೆಯವರೊಂದಿಗೆ ಮಾತಾಡಿಕೊಳ್ಳಿರಿ.

1. ಆತನ ದೇಶವೂ ಯೌವನವೂ

ಟೊಂಗಾ ಎಂಬದು ಶಾಂತಸಾಗರದ ದಕ್ಷಿಣಭಾಗದಲ್ಲಿರುವ ಸುಮಾರು 170 ದ್ವೀಪಗಳ ರಾಜ್ಯವು. ದಕ್ಷಿಣಕ್ಕೆ ಟೊಂಗಾತಾಪು, ನಡುವೆ ಹಾಪೈ, ಉತ್ತರಕ್ಕೆ ವವೌ ಎಂಬವು ಅದರ ಮುಖ್ಯ ದ್ವೀಪಸಮೂಹಗಳು. ಅಲ್ಲಿಯ ಜನರು ಗೆಣಸು ಗೆಡ್ಡೆಗಳನ್ನು ಬೆಳೆದು, ತೆಂಗಿನ ಮರಗಳಿಂದಲೂ ಮೀನಿನಿಂದಲೂ ಜೀವಿಸುತ್ತಿದ್ದರು. ಆದರೆ ಭೂಮಿಯೆಲ್ಲಾ ನಾಯಕರದು. ಸಾಮಾನ್ಯನು ನಾಯಕನಿಗೆ ಬಿಟ್ಟಿ ದುಡಿಯಬೇಕು. ಅವನ ಬೆಳೆಯನ್ನು ನಾಯಕನು ಕೇಳಿದಾಗ ಕೊಡಬೇಕು. ಅವನ ಪ್ರಾಣವೂ ನಾಯಕನ ಕೈಯಲ್ಲಿಯೇ ಇತ್ತು. ಇದಲ್ಲದೆ 1799ರಲ್ಲಿ ಒಬ್ಬ ಅರಸನು ಕೊಲ್ಲಲ್ಪಟ್ಟಂದಿನಿಂದ ನಾಯಕರು ತಮ್ಮತಮ್ಮೊಳಗೆ ಬಹು ವರುಷ ಯುದ್ಧಮಾಡಿ ದೇಶವನ್ನು ಹಾಳುಮಾಡಿದರು. ಇಂಥ ಕಾಲದಲ್ಲಿ, ಸುಮಾರು 1797ರಲ್ಲಿ, ತೌಫಾಹೌ ಎಂಬವನು ಹುಟ್ಟಿದನು. ಎತ್ತರದ ಆಳು, ಯುದ್ಧದಲ್ಲಿ ಶೂರನು. 1820ರಲ್ಲಿ ಹಾಪೈ ದ್ವೀಪಗಳ ಆಳಿಕೆಯು ಆತನಿಗೆ ಬಂತು.

2. ಆತನು ನಂಬಿದ್ದು

1826ರಲ್ಲಿ ಜಾನ್ ಥಾಮಸ್ ಎಂಬ ವೆಸ್ಲಿಯನ್ ಮಿಶನೆರಿಯು ಟೊಂಗಾತಾಪುವಿಗೆ ಬಂದನು. ಈತನು ಇಂಗ್ಲೆಂಡಿನಲ್ಲಿ ಕಮ್ಮಾರನಾಗಿದ್ದವನು. ತೌಫಾಹೌ ತನ್ನ ಜನರಿಗೂ ಬೋಧಕನು ಬೇಕೆಂದು ಕೇಳಿಕೊಂಡನು. ಮೊದಲು ಬಂದವನು ಬಿಳಿಯನಲ್ಲ. ಆ ದೇಶದವನೇ ಆದ ಪೀಟಾ ವೀ ಎಂಬ ಹೊಸ ವಿಶ್ವಾಸಿಯು. ಆ ಮೇಲೆ 1830ರಲ್ಲಿ ಥಾಮಸನು ಹಾಪೈಗೆ ಬಂದು ನೋಡುವಾಗ, ಮೊದಲು ಪೂಜೆಹೊಂದುತ್ತಿದ್ದ ವಿಗ್ರಹಗಳು ಕುತ್ತಿಗೆಗೆ ಹಗ್ಗ ಕಟ್ಟಿ ತೂಗಹಾಕಲ್ಪಟ್ಟಿದ್ದವು. ಇವುಗಳಲ್ಲಿ ಜೀವವಿಲ್ಲವೆಂದು ಜನರು ಕಣ್ಣಾರೆ ಕಾಣಲೆಂದು ಅರಸನು ಹಾಗೆ ಮಾಡಿಸಿದ್ದನು. 1831ರಲ್ಲಿ ಆತನು ದೀಕ್ಷಾಸ್ನಾನ ಹೊಂದಿ, ಇಂಗ್ಲೆಂಡಿನ ಅರಸನ ಹೆಸರಾದ ಜಾರ್ಜ್ ಎಂಬದನ್ನು ತಕ್ಕೊಂಡನು. ಅದನ್ನು ಅವರ ಭಾಷೆಯಲ್ಲಿ ಸಿಯಾವೋಸಿ ಅನ್ನುವರು. ಆತನ ಹೆಂಡತಿಯು ಸಲೋಟೆ ಎಂಬ ಹೆಸರನ್ನು ಹೊಂದಿದಳು. 1834ರಲ್ಲಿ ವವೌ ದ್ವೀಪದಲ್ಲಿ ದೊಡ್ಡ ಉಜ್ಜೀವನವು ಉಂಟಾಗಿ ಬೇರೆ ದ್ವೀಪಗಳಿಗೂ ಹಬ್ಬಿತು.

3. ಆತನ ನ್ಯಾಯಪ್ರಮಾಣಗಳು

1833ರಲ್ಲಿ ವವೌ ದ್ವೀಪಗಳೂ ಆತನ ಕೈಸೇರಿದವು. 1839ರಲ್ಲಿ ಆತನು ಅಲ್ಲಿ ಮೊದಲನೆಯ ಕಾನೂನನ್ನು ಪ್ರಕಟಿಸಿದನು. ಅದರಲ್ಲಿ ದೊಡ್ಡ ಮಾತು ಯಾವದಂದರೆ, ನಾಯಕನಾದರೂ ನ್ಯಾಯಪ್ರಮಾಣಕ್ಕೆ ಅಧೀನನೇ. 1845ರಲ್ಲಿ ಆತನು ಟೊಂಗಾ ಎಲ್ಲದಕ್ಕೂ ಅರಸನಾದನು. 1852ರಲ್ಲಿ ಟೊಂಗಾತಾಪುವಿನ ಕೆಲವು ನಾಯಕರು ಎದುರುನಿಂತು ಸೋತರು. ಹಳೆಯ ಪದ್ಧತಿಯಂತೆ ಅವರನ್ನು ಕೊಲ್ಲಬಹುದಾಗಿತ್ತು. ಆದರೆ ಅರಸನು ಅವರನ್ನು ಕ್ಷಮಿಸಿಬಿಟ್ಟನು. ಆ ಯುದ್ಧವೇ ಕಡೇ ಯುದ್ಧವಾಯಿತು.

1853ರಲ್ಲಿ ಆತನು ಸಿಡ್ನಿ ಪಟ್ಟಣವನ್ನು ನೋಡುವದಕ್ಕೆ ಹೋದನು. ಅಷ್ಟು ಐಶ್ವರ್ಯವುಳ್ಳ ಪಟ್ಟಣದಲ್ಲಿ ಬಡವರು ಮನೆಯಿಲ್ಲದೆ ಬೀದಿಯಲ್ಲಿ ಮಲಗಿದ್ದದ್ದನ್ನು ಕಂಡು, ಭೂಮಿಯನ್ನು ಮಾರಿದರೆ ತನ್ನ ಜನರಿಗೂ ಇದೇ ಗತಿಯಾಗುವದೆಂದು ನೆನಸಿದನೆಂದು ಟೊಂಗಾದವರು ಹೇಳುತ್ತಾರೆ. 1862ನೇ ಜೂನ್ 4ರಂದು ಆತನು ಸಾಮಾನ್ಯ ಜನರನ್ನು ನಾಯಕರ ಬಿಟ್ಟಿಯಿಂದ ಬಿಡಿಸಿದನು. ಇನ್ನು ಮೇಲೆ ರೈತನು ಬೆಳೆದದ್ದು ರೈತನದೇ. ಆ ದಿನವನ್ನು ಟೊಂಗಾದವರು ಈಗಲೂ ಹಬ್ಬವಾಗಿ ಆಚರಿಸುತ್ತಾರೆ. 1875ರಲ್ಲಿ ಆತನು ರಾಜ್ಯಾಂಗವನ್ನು ಕೊಟ್ಟು, ಭೂಮಿಯ ಮಾರಾಟವನ್ನು ನಿಷೇಧಿಸಿದನು; ದೇವರನ್ನು ತನ್ನ ಮನಸ್ಸಾಕ್ಷಿಯಂತೆ ಆರಾಧಿಸಲು ಪ್ರತಿಯೊಬ್ಬನಿಗೂ ಸ್ವಾತಂತ್ರ್ಯವುಂಟೆಂದು ಅದರಲ್ಲಿ ಬರೆಯಿಸಿದನು. ತರುವಾಯದ ಕಾನೂನುಗಳಿಂದ ಪ್ರಾಯಕ್ಕೆ ಬಂದ ಪ್ರತಿಯೊಬ್ಬ ಗಂಡಸಿಗೆ ಎಂಟೂಕಾಲು ಎಕರೆ ಹೊಲದ ಹಕ್ಕು ಉಂಟಾಯಿತು.

4. ಆತನ ತಪ್ಪು

ಇಲ್ಲಿಗೆ ನಿಲ್ಲಿಸಿದರೆ ಚರಿತ್ರೆಯು ಸೊಗಸಾಗಿರುವದು. ಆದರೆ ಸತ್ಯವೇದವು ದಾವೀದನ ಪಾಪವನ್ನು ಮರೆಮಾಡಲಿಲ್ಲ, ನಾವೂ ಮರೆಮಾಡಬಾರದು.

ಟೊಂಗಾದ ಸಭೆಯು ಆಸ್ಟ್ರೇಲಿಯದವರ ಆಡಳಿತದ ಕೆಳಗೆ ಇತ್ತು. ಜನರು ಕೊಟ್ಟ ಕಾಣಿಕೆಯೂ ಅಲ್ಲಿಗೆ ಹೋಗುತ್ತಿತ್ತು. ತಮ್ಮ ಸಭೆಯನ್ನು ತಾವೇ ನಡಿಸಬೇಕೆಂದು ಅರಸನು ಬಯಸಿದ್ದು ಅನ್ಯಾಯವಲ್ಲ. ಮೊದಲು ಮಿಶನೆರಿಯಾಗಿದ್ದ ಶೆರ್ಲಿ ಬೇಕರ್ ಎಂಬವನು 1880ರಲ್ಲಿ ಪ್ರಧಾನ ಮಂತ್ರಿಯಾಗಿದ್ದನು. ಅವನ ಆಲೋಚನೆಯಂತೆ ಅರಸನು 1885ರಲ್ಲಿ ಟೊಂಗಾದ ಸ್ವತಂತ್ರ ಸಭೆಯನ್ನು ಸ್ಥಾಪಿಸಿದನು. ಎಲ್ಲರೂ ಅದರಲ್ಲಿ ಸೇರಲೇಬೇಕೆಂಬ ಒತ್ತಾಯವು ಹುಟ್ಟಿತು. ಹಳೆಯ ಸಭೆಯನ್ನು ಬಿಡದವರಲ್ಲಿ ಕೆಲವರು ಹೊಡೆಯಲ್ಪಟ್ಟರು, ಕೆಲವರು ಮನೆಮಾರು ಕಳಕೊಂಡರು. 1887ರಲ್ಲಿ ಕೆಲವರು ಬೇಕರನ ಮೇಲೆ ಗುಂಡು ಹಾರಿಸಲು, ಅವನ ಮಗನೂ ಮಗಳೂ ಗಾಯಪಟ್ಟರು. ಅದಕ್ಕಾಗಿ ಆರು ಮಂದಿಗೆ ಮರಣದಂಡನೆಯಾಯಿತು. ಆ ಅಪರಾಧದಲ್ಲಿ ಪಾಲಿಲ್ಲದ ವಿಶ್ವಾಸಿಗಳ ಮೇಲೆಯೂ ಹಿಂಸೆಯು ಹೆಚ್ಚಿತು. ಅನೇಕರು ಫಿಜಿ ದ್ವೀಪಗಳಿಗೆ ಹೊರಡಬೇಕಾಯಿತು. ಹೊಡೆದವರೂ ಹೊಡೆಸಿಕೊಂಡವರೂ ಒಂದೇ ಸತ್ಯವೇದವನ್ನು ಓದುವವರು, ಒಂದೇ ರೀತಿಯಲ್ಲಿ ಆರಾಧಿಸುವವರು. ಅರಸನ ಸ್ವಂತ ರಾಜ್ಯಾಂಗದ ಮಾತೇ ಹೀಗೆ ಮುರಿಯಲ್ಪಟ್ಟಿತು.

1890ರಲ್ಲಿ ಬ್ರಿಟಿಷ್ ಅಧಿಕಾರಿಯು ಬೇಕರನನ್ನು ದೇಶದಿಂದ ಹೊರಡಿಸಿದನು. ಆ ಮೇಲೆ ಹೊರಟುಹೋದವರು ತಿರಿಗಿ ಬಂದರು. ಅರಸನು ಸುಮಾರು 95 ವರುಷದವನಾಗಿ 1893ನೇ ಫೆಬ್ರವರಿ 18ರಂದು ತೀರಿಹೋದನು. ಸಭೆಯ ಒಡಕೋ ಆತನಿಗಿಂತ ಹೆಚ್ಚು ಕಾಲ ಬಾಳಿತು. 1924ರಲ್ಲಿ ಮೂರನೆಯ ಟೂಪೌ ಆದ ಸಲೋಟೆ ರಾಣಿಯು ಎರಡು ಸಭೆಗಳನ್ನು ಕೂಡಿಸಲು ಪ್ರಯಾಸಪಟ್ಟಳು. ಆಗಲೂ ಒಂದು ಭಾಗವು ಬೇರೆಯಾಗಿಯೇ ಉಳಿಯಿತು.

5. ನಾವು ಕಲಿಯತಕ್ಕದ್ದು

ಮೊದಲನೆಯದು, ನಿಜವಾದ ನಂಬಿಕೆಯು ವಿಗ್ರಹವನ್ನು ಬಿಡುವದರಲ್ಲಿಯೇ ಮುಗಿಯುವದಿಲ್ಲ. ಈ ಅರಸನು ವಿಗ್ರಹವನ್ನು ತೂಗಹಾಕಿ ಮೂವತ್ತು ವರುಷಗಳಾದ ಮೇಲೆ ಬಡವನ ಬಿಟ್ಟಿಯನ್ನು ತೆಗೆದುಹಾಕಿದನು. ಎರಡನೆಯ ಕೆಲಸವು ಮೊದಲನೆಯದರ ಫಲವು. ನಾವು ದೇವರನ್ನು ಆರಾಧಿಸಿ, ನಮ್ಮ ಹೊಲದಲ್ಲಿ ದುಡಿದವಳ ಕೂಲಿಯನ್ನು ಹಿಡುಕೊಂಡರೆ ನಮ್ಮಲ್ಲಿ ಫಲವೆಲ್ಲಿ?

ಎರಡನೆಯದು, ಕಾನೂನು ಹೊಡೆಯುವ ಕೈಯನ್ನು ತಡೆಯಬಲ್ಲದು. ನಂಬುವ ಹೃದಯವನ್ನು ಅದು ಹುಟ್ಟಿಸಲಾರದು. ಊರಿನಲ್ಲಿ ಹೆಸರುಳ್ಳ ಹಿರಿಯನು ತನ್ನ ಆಳನ್ನು, ಸೊಸೆಯನ್ನು, ಸಾಲಗಾರನನ್ನು ಬೆದರಿಸಿ ಸಭೆಗೆ ತಂದರೆ, ಆಸನವು ತುಂಬೀತು, ಸಭೆಯು ತುಂಬದು. ಬಲವಂತವನ್ನು ನಾವು ಸಹಿಸಿದವರಾದರೆ, ಅದನ್ನು ಮತ್ತೊಬ್ಬನ ಮೇಲೆ ಹೇಗೆ ಹಾಕಬಹುದು?

ಮೂರನೆಯದು, ದೊಡ್ಡವನಿಗೂ ನಾತಾನನು ಬೇಕು. ಹೊಗಳುವ ಮಂತ್ರಿಯು ಆ ಮುದುಕನ ಹತ್ತಿರವಿದ್ದನು. ತಪ್ಪನ್ನು ತೋರಿಸುವವರ ಮಾತು ಆತನಿಗೆ ರುಚಿಸಲಿಲ್ಲ. ನಮ್ಮನ್ನು ಗದರಿಸುವ ಸಹೋದರನನ್ನು ದೇವರು ಕೊಟ್ಟಿದ್ದರೆ ಆತನಿಗಾಗಿ ಸ್ತೋತ್ರಮಾಡೋಣ.

ಕೂಟದಲ್ಲಿ ಕೇಳತಕ್ಕ ಪ್ರಶ್ನೆಗಳು

1. ಹಾಪೈಗೆ ಮೊದಲು ಸುವಾರ್ತೆಯನ್ನು ಒಯ್ದವನು ಯಾರು? ಇದರಿಂದ ನಮಗೆ ಯಾವ ಧೈರ್ಯ ಬರುತ್ತದೆ?
2. 1862ರಲ್ಲಿ ಬಡವರಿಗೆ ಏನು ದೊರೆಯಿತು?
3. ಅರಸನ ಬಯಕೆಯಲ್ಲಿ ನ್ಯಾಯವಾದದ್ದು ಯಾವದು, ಆತನ ದಾರಿಯಲ್ಲಿ ತಪ್ಪಾದದ್ದು ಯಾವದು?
4. ನಮ್ಮ ಮನೆಯಲ್ಲಿ ಯಾರಾದರೂ ಭಯದಿಂದ ಮಾತ್ರ ಆರಾಧನೆಗೆ ಬರುತ್ತಾರೋ? ಅವರಿಗೆ ನಾವು ಮಾಡತಕ್ಕದ್ದೇನು?