ಬೀಳಗಿಯ ಅಕ್ಕ-ತಂಗಿ

ನಾವು ರೊಟ್ಟಿ ಬಡಿಯುವಾಗ ಹಾಡುತ್ತೇವೆ. ಕಳೆ ತೆಗೆಯುವಾಗ ಹಾಡುತ್ತೇವೆ. ತೊಟ್ಟಿಲು ತೂಗುವಾಗಲೂ ಹಾಡುತ್ತೇವೆ. ಆದರೆ ನಾಲ್ಕು ಮಂದಿಯ ಮುಂದೆ ಹಾಡು ಅಂದರೆ ನಾಚುತ್ತೇವೆ. “ಮಂದಿ ಏನಂದಾರು?” ಅಂತ ಹೆದರುತ್ತೇವೆ.

ನಮ್ಮ ಸೀಮೆಯ ಇಬ್ಬರು ಹೆಣ್ಣುಮಕ್ಕಳು ಹಾಗೆ ಹೆದರಲಿಲ್ಲ. ಅವರ ಕಥೆಯನ್ನು ಈ ಪಾಠದಲ್ಲಿ ಓದೋಣ.

ನಮ್ಮ ಅಜ್ಜ-ಅಜ್ಜಿಯರ ಕಾಲದಲ್ಲಿ ಜಮಖಂಡಿ ಒಂದು ಸಂಸ್ಥಾನ. ಮುಧೋಳ ಇನ್ನೊಂದು ಸಂಸ್ಥಾನ. ಅಲ್ಲಿ ಬೇರೆ ಬೇರೆ ರಾಜರು ಆಳುತ್ತಿದ್ದರು. 1948ರಲ್ಲಿ ಈ ಸಂಸ್ಥಾನಗಳು ಭಾರತದ ಆಡಳಿತದಲ್ಲಿ ಸೇರಿದವು. ಪಕ್ಕದ ಬೀಳಗಿ ಮಾತ್ರ ಆಗ ಬ್ರಿಟಿಷರ ಬಿಜಾಪುರ ಜಿಲ್ಲೆಯಲ್ಲಿತ್ತು. ಗಡಿ ಬೇರೆಯಾದರೂ ಮಾತು ಒಂದೇ. ನಾಟಕದ ಹುಚ್ಚೂ ಒಂದೇ.

ಆ ಬೀಳಗಿಯ ಒಂದು ಮುಸ್ಲಿಂ ಮನೆಯಲ್ಲಿ ಐವರು ಹೆಣ್ಣುಮಕ್ಕಳು. ಅವರಲ್ಲಿ ಗೋಹರ್‌ಬಾಯಿ, ಅಮೀರ್‌ಬಾಯಿ ಎಂಬ ಇಬ್ಬರು ದೊಡ್ಡ ಹೆಸರು ಪಡೆದರು. ಗೋಹರ್‌ಬಾಯಿ ಅಕ್ಕ. ಅಮೀರ್‌ಬಾಯಿ ತಂಗಿ.

ಇಬ್ಬರೂ ಮುಂಬಯಿಗೆ ಹೋದರು. ತಮ್ಮ ಹೆಸರಿನ ಮುಂದೆ ‘ಕರ್ನಾಟಕಿ’ ಅಂತ ಸೇರಿಸಿಕೊಂಡರು. ಎಲ್ಲಿ ಹೋದರೂ ಊರನ್ನು ಮರೆಯಲಿಲ್ಲ.

ಅಕ್ಕ ನಾಟಕ ಸೇರಿದಳು. ಆಗ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರು ಬಹಳ ಪ್ರಸಿದ್ಧರು. ಗಂಡಸಾದರೂ ಹೆಣ್ಣಿನ ವೇಷ ಹಾಕಿ ಹಾಡುತ್ತಿದ್ದರು. ಗೋಹರ್‌ಬಾಯಿ ಅವರ ಕಂಪನಿಯಲ್ಲಿ ಹಾಡಿದರು, ನಟಿಸಿದರು. ಬಾಲಗಂಧರ್ವರ ಬಾಳಸಂಗಾತಿಯಾದರು. ಧರ್ಮ ಬೇರೆ ಅಂತ ಮಂದಿ ಆಡಿಕೊಂಡರು. ಆದರೂ ಅವರು ಕಷ್ಟದ ದಿನಗಳಲ್ಲಿ ಕೈ ಬಿಡಲಿಲ್ಲ.

ತಂಗಿ ಸಿನಿಮಾ ಸೇರಿದಳು. ಅಕ್ಕನೇ ದಾರಿ ತೋರಿಸಿದಳು. 1934ರಲ್ಲಿ ತಂಗಿಗೆ ಸಿನಿಮಾದಲ್ಲಿ ಪಾತ್ರ ಸಿಕ್ಕಿತು. 1940ರಲ್ಲಿ ‘ನರ್ಸಿ ಭಗತ್’ ಎಂಬ ಸಿನಿಮಾ ಬಂತು. ಅದರಲ್ಲಿ ಅಮೀರ್‌ಬಾಯಿ ‘ವೈಷ್ಣವ ಜನ ತೋ’ ಭಜನೆ ಹಾಡಿದರು. ಅದು ಗಾಂಧೀಜಿಯವರಿಗೆ ಪ್ರಿಯವಾದ ಭಜನೆ. ಮುಸ್ಲಿಂ ಹೆಣ್ಣುಮಗಳ ದನಿಯಲ್ಲಿ ದೇಶವೆಲ್ಲ ಅದನ್ನು ಕೇಳಿತು.

1943ರಲ್ಲಿ ‘ಕಿಸ್ಮತ್’ ಬಂತು. ಕಲ್ಕತ್ತಾದ ಒಂದೇ ಟಾಕೀಸಿನಲ್ಲಿ ಅದು 3 ವರ್ಷಕ್ಕೂ ಹೆಚ್ಚು ನಡೆಯಿತು. ಅಮೀರ್‌ಬಾಯಿಯ ಹಾಡು ಮನೆಮಾತಾಯಿತು. ಬೇರೆ ಗಾಯಕರಿಗೆ ಒಂದು ಹಾಡಿಗೆ 500 ರೂಪಾಯಿ ಸಿಗುತ್ತದೆ, ಅಮೀರ್‌ಬಾಯಿಗೆ 1000 ಸಿಗುತ್ತದೆ ಎಂದು ಆಗಿನ ಒಂದು ಪತ್ರಿಕೆ ಬರೆಯಿತು. ಜನ ಅವರನ್ನು ‘ಕನ್ನಡ ಕೋಗಿಲೆ’ ಎಂದು ಕರೆದರು.

ಇಷ್ಟು ಹೆಸರು, ಇಷ್ಟು ಹಣ. ಮನೆಯಲ್ಲಿ ಮಾತ್ರ ಸುಖವಿರಲಿಲ್ಲ. ಮೊದಲ ಗಂಡ ಸಿನಿಮಾ ನಟ. ಅವನು ಬಹಳ ಹಿಂಸೆ ಕೊಟ್ಟ. “ಹಣೆಬರಹ, ಅನುಭವಿಸಬೇಕು” ಅಂತ ಅಮೀರ್‌ಬಾಯಿ ಸುಮ್ಮನೆ ಕೂಡಲಿಲ್ಲ. ವಕೀಲರ ನೆರವು ಪಡೆದು ಬಿಡುಗಡೆ ತೆಗೆದುಕೊಂಡರು. ಮುಂದೆ ಒಬ್ಬ ಪತ್ರಿಕೆಯ ಸಂಪಾದಕರನ್ನು ಮದುವೆಯಾದರು.

1948ರಲ್ಲಿ ‘ಶಹನಾಜ್’ ಸಿನಿಮಾಕ್ಕೆ ಅವರೇ ಸಂಗೀತ ಕೊಟ್ಟರು. ಸಂಗೀತ ನಿರ್ದೇಶನ ಆಗ ಹೆಚ್ಚಾಗಿ ಗಂಡಸರ ಕೆಲಸ. ಕಾಲ ಬದಲಾಯಿತು. ಹೊಸ ಗಾಯಕಿಯರು ಬಂದರು. ಹಾಡುವ ಅವಕಾಶ ಕಡಿಮೆಯಾಯಿತು. ಆಗ ಅವರು ಸಣ್ಣ ಪಾತ್ರಗಳಲ್ಲಿ ನಟಿಸಿದರು. ದುಡಿಯುವುದನ್ನು ಬಿಡಲಿಲ್ಲ.

ಗೋಹರ್‌ಬಾಯಿ 1964ರಲ್ಲಿ ತೀರಿಕೊಂಡರು. ಮರುವರ್ಷ, 1965ರಲ್ಲಿ, ಅಮೀರ್‌ಬಾಯಿಯೂ ತೀರಿಕೊಂಡರು. ಬಿಜಾಪುರದಲ್ಲಿ ಅವರನ್ನು ಮಣ್ಣು ಮಾಡಿದರು. ಆ ಊರಿನಲ್ಲಿ ಅವರ ಹೆಸರಿನದೇ ಒಂದು ಟಾಕೀಸ್ ಇತ್ತು: ಅಮೀರ್ ಟಾಕೀಸ್.

ಅಕ್ಕ-ತಂಗಿಯರೇ, ನಾವೆಲ್ಲ ಸಿನಿಮಾದಲ್ಲಿ ಹಾಡಬೇಕಿಲ್ಲ. ಆದರೆ ನಮ್ಮ ಕೈಗೂ ಒಂದು ಕಸುಬಿದೆ. ರಬಕವಿ-ಬನಹಟ್ಟಿಯಲ್ಲಿ ಹೆಂಗಸರು ಕಂಡಿಕೆ ಸುತ್ತುತ್ತಾರೆ. ಮುಧೋಳ, ಜಮಖಂಡಿಯಲ್ಲಿ ಹೊಲದಲ್ಲಿ ದುಡಿಯುತ್ತಾರೆ. ಆ ದುಡಿಮೆಗೆ ಬೆಲೆ ಇದೆ. ಕೂಲಿ ಎಷ್ಟು ಬಂತು ಅಂತ ನಾವೇ ಲೆಕ್ಕ ಬರೆಯೋಣ. ಏಟು ತಿಂದು ಬಾಯಿ ಮುಚ್ಚಿಕೊಂಡು ಇರುವುದು ಬೇಡ. ನೆರವು ಕೇಳುವುದು ತಪ್ಪಲ್ಲ.

ಓದಿರಿ: ಸಂಸ್ಥಾನ, ರಂಗಭೂಮಿ, ಸಂಪಾದಕ, ಬಿಡುಗಡೆ.

ಮಾತಾಡಿರಿ:
1. ಅಕ್ಕ ತಂಗಿಗೆ ಹೇಗೆ ನೆರವಾದಳು? ನಿಮಗೆ ಯಾರು ನೆರವಾದರು?
2. “ಮಂದಿ ಏನಂದಾರು” ಅಂತ ನೀವು ಬಿಟ್ಟ ಕೆಲಸ ಯಾವುದು?

ಬರೆಯಿರಿ: ನಿಮಗೆ ಬರುವ ಒಂದು ಹಾಡನ್ನು ಬರೆಯಿರಿ. ಕೆಳಗೆ ನಿಮ್ಮ ಹೆಸರು, ಊರಿನ ಹೆಸರು ಬರೆಯಿರಿ.