ದೆವ್ವ ಇದೆಯೇ? ಇದ್ದರೆ ಗೃಹಸ್ಥರು ಏನು ಮಾಡಬೇಕು?

ಆಚಾರ-ವಿಚಾರ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಕೋಲಾರ ಜಿಲ್ಲೆಯ ನಾಲ್ಕು ಊರುಗಳಿಂದ ಬಂದ ನಾಲ್ಕು ಪತ್ರಗಳನ್ನು ಒಟ್ಟಿಗೇ ತೆಗೆದುಕೊಂಡಿದ್ದೇವೆ. ಮನೆಯ ಒಳಗಿನ ವಿಷಯವಾದ್ದರಿಂದ ಬರೆದವರ ಹೆಸರು ಹಾಕಿಲ್ಲ. ಊರು ಬೇರೆ, ಸಂಸಾರ ಬೇರೆ. ಆದರೆ ನಾಲ್ಕೂ ಪತ್ರಗಳು ಕೊನೆಗೆ ಕೇಳಿರೋದು ಒಂದೇ ಮಾತು: ದೆವ್ವ, ಭೂತ ಅನ್ನೋದು ನಿಜವಾಗ್ಲೂ ಇದೆಯಾ, ಇದ್ದರೆ ಏನು ಪರಿಹಾರ ಮಾಡಿಸಬೇಕು?

ಪ್ರಶ್ನೆ 1 (ಕೋಲಾರ): ಬಾಡಿಗೆಗೆ ಒಂದು ಮನೆ ನೋಡಿದ್ದೇವೆ. ಗಾಳಿ ಬೆಳಕು ಚೆನ್ನಾಗಿದೆ. ಆದರೆ ಅಲ್ಲಿದ್ದ ಅಜ್ಜಿ ಧನಿಷ್ಠಾ ಪಂಚಕದಲ್ಲಿ ತೀರಿಕೊಂಡರಂತೆ, ಆರು ತಿಂಗಳು ಬೀಗ ಹಾಕಿದ್ದರಂತೆ. ರಾತ್ರಿ ಸದ್ದು ಬರುತ್ತೆ ಅಂತ ಅಕ್ಕಪಕ್ಕದವರು ಹೇಳ್ತಾರೆ. ಹೋಗಬಹುದಾ?

ಪ್ರಶ್ನೆ 2 (ಮಾಲೂರು): ಮಗ ನರಸಾಪುರದ ಕಾರ್ಖಾನೆಯಲ್ಲಿದ್ದಾನೆ. ನೈಟ್ ಶಿಫ್ಟ್ ಮುಗಿಸಿ ಬಂದು ಮಲಗಿದರೆ ಎದೆ ಮೇಲೆ ಯಾರೋ ಕೂತ ಹಾಗಾಗುತ್ತಂತೆ. ಕಣ್ಣು ಬಿಟ್ಟಿರುತ್ತೆ, ಕೈಕಾಲು ಆಡಲ್ಲ, ಕೂಗೋಕೂ ಆಗಲ್ಲ ಅಂತಾನೆ. ತಾಯಿತ ಕಟ್ಟಿಸಿದರೂ ನಿಂತಿಲ್ಲ.

ಪ್ರಶ್ನೆ 3 (ಮುಳಬಾಗಿಲು): ಮಾವನವರು ಹೋಗಿ ಎರಡು ತಿಂಗಳು. ರಾತ್ರಿ ಅವರ ಕೆಮ್ಮು ಕೇಳಿಸುತ್ತೆ ಅಂತ ಅತ್ತೆ ಹೇಳ್ತಾರೆ. ರಜೆ ಸಿಗದೆ ಕರ್ಮಗಳನ್ನು ಚುಟುಕಾಗಿ ಮುಗಿಸಿದೆವು. ಅವರು ಪ್ರೇತವಾಗಿ ಮನೆಯಲ್ಲೇ ಉಳಿದಿದ್ದಾರಾ?

ಪ್ರಶ್ನೆ 4 (ಶ್ರೀನಿವಾಸಪುರ): ಸೊಸೆಗೆ ಹೆರಿಗೆಯಾಗಿ ಹದಿನೈದು ದಿನ. ತವರಿನಲ್ಲಿ ನೋಡಿಕೊಳ್ಳೋರಿಲ್ಲ ಅಂತ ನಮ್ಮಲ್ಲೇ ಬಾಣಂತನ. ಒಂದು ವಾರದಿಂದ ಅವಳು ಕಣ್ಣು ಮುಚ್ಚಿಲ್ಲ. ತೊಟ್ಟಿಲ ಹತ್ತಿರ ಯಾರೋ ಹೆಂಗಸು ನಿಂತಿದ್ದಾಳೆ ಅಂತಾಳೆ, ಈ ಮಗು ನನ್ನದಲ್ಲ ಅಂತಾಳೆ. ಗಾಳಿ ಸೋಕಿದೆ, ಮೂರು ಅಮಾವಾಸ್ಯೆ ಬಿಡಿಸಬೇಕು, ನಲವತ್ತು ಸಾವಿರ ಆಗುತ್ತೆ, ಅಲ್ಲೀವರೆಗೆ ಇಂಗ್ಲಿಷ್ ಔಷಧಿ ಬೇಡ ಅಂತ ಒಬ್ಬರು ಹೇಳಿದ್ದಾರೆ.

ಉತ್ತರ:

ಕೊನೆಯ ಪತ್ರವೇ ಮೊದಲು. ಅದಕ್ಕೆ ಪತ್ರಿಕೆ ಅಚ್ಚಾಗೋವರೆಗೆ ಕಾಯದೆ ಅವತ್ತೇ ಫೋನಿನಲ್ಲಿ ಉತ್ತರ ಹೇಳಿದ್ದೇವೆ. ಇಲ್ಲಿ ಬರೆಯೋದು ಅದೇ ಕಷ್ಟದಲ್ಲಿರುವ ಬೇರೆ ಮನೆಗಳಿಗಾಗಿ.

ಬಾಣಂತಿಯನ್ನು ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ

ತಾಯಿ, ನಮ್ಮ ಅಜ್ಜಿಯರು ಇದಕ್ಕೊಂದು ಹೆಸರಿಟ್ಟಿದ್ದರು: ಬಾಣಂತಿ ಸನ್ನಿ. ಸಾವಿರ ಹೆರಿಗೆಗಳಲ್ಲಿ ಒಬ್ಬಿಬ್ಬರಿಗೆ ಬರುವ ಕಾಯಿಲೆ ಇದು. ಬಹಳ ಮಟ್ಟಿಗೆ ಹೆರಿಗೆಯಾದ ಎರಡು ವಾರದೊಳಗೇ ಶುರುವಾಗುತ್ತೆ. ನಿದ್ದೆ ಪೂರ್ತಿ ಹೋಗೋದು, ಇಲ್ಲದವರು ಕಾಣೋದು, ಮಗುವಿನ ಮೇಲೆ ಅನುಮಾನ ಬರೋದು ಇದರ ಲಕ್ಷಣ. ಔಷಧಿ ಕೊಟ್ಟರೆ ವಾಸಿಯಾಗುತ್ತೆ. ತಡಮಾಡಿದರೆ ತಾಯಿ, ಮಗು ಇಬ್ಬರ ಪ್ರಾಣಕ್ಕೂ ಅಪಾಯ. ಮೂರು ಅಮಾವಾಸ್ಯೆ ಅಂದರೆ ಹೆಚ್ಚುಕಡಿಮೆ ಮೂರು ತಿಂಗಳು. ಈ ಕಾಯಿಲೆ ಮೂರು ದಿನವನ್ನೂ ಕಾಯೋದಿಲ್ಲ.

ಅವಳನ್ನು ಒಬ್ಬಳೇ ಬಿಡಬೇಡಿ, ಮಗುವಿನ ಜೊತೆ ಅವಳೊಬ್ಬಳನ್ನೇ ಬಿಡಬೇಡಿ, ಬೈಯಬೇಡಿ. ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಗೆ ಹೋಗಿ. ವಾಹನ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ತಾಯಂದಿರನ್ನು ಮಗುವಿನ ಸಮೇತ ಸೇರಿಸಿಕೊಳ್ಳುವ ವಿಭಾಗವೇ 2009ರಿಂದ ಇದೆ. ಪುರುಡು, ಸೂತಕ ಯಾವುದೂ ಆಸ್ಪತ್ರೆಗೆ ಅಡ್ಡಿಯಲ್ಲ.

ಹೀಗೆ ಹೇಳಿದರೆ ಶಾಸ್ತ್ರ ಬಿಟ್ಟ ಹಾಗಾಗುತ್ತಾ ಅಂತ ನೀವು ಕೇಳಬಹುದು. ಆಯುರ್ವೇದಕ್ಕೆ ಎಂಟು ಅಂಗಗಳು. ಅದರಲ್ಲಿ ಒಂದರ ಹೆಸರೇ ಭೂತವಿದ್ಯೆ. ಅಂದರೆ, ಏನೋ ಹಿಡಿದಿದೆ ಎಂದು ಕಾಣುವ ರೋಗಿಯನ್ನು ನಮ್ಮ ಹಿಂದಿನವರೂ ವೈದ್ಯನ ಮುಂದೆಯೇ ಕೂರಿಸಿದ್ದರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಬೇಕು, ತಲೆದಿಂಬಿನ ಕೆಳಗೆ ಕಬ್ಬಿಣ ಇಡಬೇಕು ಅಂತಿದ್ದರೆ ಇಡಿ, ಮಗುವಿಗೆ ದೃಷ್ಟಿ ತೆಗೆಯಿರಿ. ಅದರಿಂದ ಮನೆಯವರಿಗೆ ಧೈರ್ಯ ಬರುತ್ತೆ. ಆದರೆ ಅದು ಔಷಧಿಯ ಜೊತೆಗೆ ಇರಲಿ, ಔಷಧಿಯ ಬದಲಿಗೆ ಬೇಡ.

ಇನ್ನೊಂದು ವಿಷಯ ತಿಳಿದಿರಲಿ. ದೆವ್ವ ಬಿಡಿಸುತ್ತೇನೆ ಅಂತ ಮನುಷ್ಯರನ್ನು ಕಟ್ಟಿಹಾಕೋದು, ಹೊಡೆಯೋದು, ಮೆಣಸಿನಕಾಯಿ ಹೊಗೆ ಹಾಕೋದು ಕರ್ನಾಟಕದ 2017ರ ವಾಮಾಚಾರ ತಡೆ ಕಾಯ್ದೆಯ ಪ್ರಕಾರ ಅಪರಾಧ. 2020ರ ಜನವರಿಯಿಂದ ಅದು ಜಾರಿಯಲ್ಲಿದೆ. ಪೂಜೆ, ಹರಿಕಥೆ, ಪ್ರದಕ್ಷಿಣೆಗೆ ಆ ಕಾಯ್ದೆಯ ಅಡ್ಡಿ ಇಲ್ಲ.

ಎದೆ ಮೇಲೆ ಕೂತದ್ದು ಏನು?

ಮಾಲೂರಿನ ಮಗನ ಅನುಭವ ಸುಳ್ಳಲ್ಲ. ಅವನು ನಾಟಕ ಆಡ್ತಿಲ್ಲ. ಕನಸು ಬೀಳುವ ಹೊತ್ತಿನಲ್ಲಿ ದೇಹ ಕೈಕಾಲುಗಳನ್ನು ತಾನೇ ಕಟ್ಟಿಟ್ಟಿರುತ್ತೆ, ಕನಸಿನಲ್ಲಿ ಓಡಿದವನು ನಿಜವಾಗಿ ಎದ್ದು ಓಡಬಾರದು ಅಂತ. ಕೆಲವು ಸಲ ಮನಸ್ಸು ಎಚ್ಚರವಾಗುತ್ತೆ, ಆ ಕಟ್ಟು ಇನ್ನೂ ಬಿಚ್ಚಿರೋದಿಲ್ಲ. ಆಗ ಕಣ್ಣು ಕಾಣುತ್ತೆ, ಮೈ ಅಲುಗೋದಿಲ್ಲ, ಉಸಿರು ಕಟ್ಟಿದ ಹಾಗಾಗುತ್ತೆ, ಅರ್ಧ ಉಳಿದ ಕನಸು ಕೋಣೆಯಲ್ಲೇ ನಿಂತಿರುತ್ತೆ. ವೈದ್ಯರು ಇದನ್ನು ಸ್ಲೀಪ್ ಪ್ಯಾರಾಲಿಸಿಸ್ ಅಂತಾರೆ. ಕೆಲವು ಕ್ಷಣದಿಂದ ಒಂದೆರಡು ನಿಮಿಷ ಇರುತ್ತೆ, ತಾನೇ ಹೋಗುತ್ತೆ. ನಿದ್ದೆಗೆಟ್ಟವರಿಗೆ, ಶಿಫ್ಟ್ ಬದಲಾಗುತ್ತಿರುವವರಿಗೆ, ಅಂಗಾತ ಮಲಗುವವರಿಗೆ ಹೆಚ್ಚು.

ಇಲ್ಲಿ ಬೇಕಾದದ್ದು ನಿದ್ದೆ. ಹಗಲು ಮಲಗುವ ಕೋಣೆಗೆ ದಪ್ಪ ಪರದೆ ಹಾಕಿ. ಆ ಹೊತ್ತಿನಲ್ಲಿ ಮಿಕ್ಸಿ, ಟಿವಿ ಬೇಡ. ಪಕ್ಕಕ್ಕೆ ತಿರುಗಿ ಮಲಗಲಿ. ಮಲಗುವ ಮುಂಚೆ ಹನುಮಂತನನ್ನು ನೆನೆಯೋದು ನಮ್ಮ ಮನೆಗಳ ಪದ್ಧತಿ, ಅದನ್ನು ಬಿಡೋದು ಬೇಡ. ಹಾಗೆ ಆದಾಗ ಗಾಬರಿಯಾಗದೆ ಒಂದು ಬೆರಳನ್ನು ಮಾತ್ರ ಅಲುಗಿಸಲು ಪ್ರಯತ್ನಿಸು ಅಂತ ಹೇಳಿಕೊಡಿ. ಮತ್ತೆ ಮತ್ತೆ ಆಗುತ್ತಿದ್ದರೆ, ಕೆಲಸದ ಮಧ್ಯೆ ನಿದ್ದೆ ತೂಗುತ್ತಿದ್ದರೆ ವೈದ್ಯರಿಗೆ ತೋರಿಸಿ.

ಮಾವನವರ ಕೆಮ್ಮು

ಮುಳಬಾಗಿಲಿನ ಸೊಸೆಗೆ ಒಂದು ಮಾತು. ನಿಮ್ಮ ಅತ್ತೆಯವರನ್ನು 'ಭ್ರಮೆ ನಿಮಗೆ' ಅಂತ ಗದರಬೇಡಿ. 1971ರಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಡ್ಯೂಯಿ ರೀಸ್ ಎಂಬ ವೈದ್ಯರು, ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡ 293 ಜನರನ್ನು ವಿಚಾರಿಸಿ ಪ್ರಕಟಿಸಿದರು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ, ಹೋದವರು ಹತ್ತಿರದಲ್ಲೇ ಇದ್ದಾರೆ ಅನ್ನಿಸಿದ್ದು, ಕಂಡದ್ದು, ದನಿ ಕೇಳಿದ್ದು ಉಂಟು ಅಂದರು. ಎಷ್ಟೋ ಜನಕ್ಕೆ ಅದು ಸಮಾಧಾನ ಕೊಟ್ಟಿತ್ತು. ನಲವತ್ತು ಐವತ್ತು ವರ್ಷ ಒಂದೇ ಕೆಮ್ಮು ಕೇಳಿದ ಕಿವಿ, ಎರಡು ತಿಂಗಳಿಗೆ ಅದನ್ನು ಮರೆಯೋದಿಲ್ಲ.

ಈಗ ಶಾಸ್ತ್ರದ ಮಾತು. 'ಪ್ರೇತ' ಅನ್ನೋ ಪದಕ್ಕೆ ಹೊರಟುಹೋದವನು ಅಂತಷ್ಟೇ ಅರ್ಥ. ಅದು ಬೈಗುಳವಲ್ಲ, ಪ್ರಯಾಣದ ಹೆಸರು. ಆ ಹತ್ತು ದಿನ ನಾವು ಪಿಂಡ, ತಿಲೋದಕ ಕೊಡೋದು ಪ್ರಯಾಣಿಕನಿಗೆ ಬುತ್ತಿ ಕಟ್ಟಿದ ಹಾಗೆ. ಹನ್ನೆರಡನೆಯ ದಿನ ಸಪಿಂಡೀಕರಣದಲ್ಲಿ ಅವರನ್ನು ಹಿಂದಿನ ತಲೆಮಾರುಗಳ ಜೊತೆ ಸೇರಿಸುತ್ತೇವೆ. ಅಲ್ಲಿಂದ ಮುಂದೆ ಸಂಕಲ್ಪದಲ್ಲಿ ಅವರನ್ನು ಪ್ರೇತ ಅನ್ನೋದಿಲ್ಲ, ಪಿತೃ ಅಂತೀವಿ. ನಿಮ್ಮ ಮಾವನವರು ಈಗ ನಿಮ್ಮ ಮನೆಯ ಪಿತೃದೇವತೆ. ಮನೆಯ ಹಿರಿಯರನ್ನು ಕಂಡು ಹೆದರೋದು ಯಾಕೆ?

ಚುಟುಕಾಗಿ ಮಾಡಿದ್ದು ಮನಸ್ಸಿಗೆ ಚುಚ್ಚುತ್ತಿದ್ದರೆ ದಾರಿ ಮುಚ್ಚಿಲ್ಲ. ವರ್ಷ ತುಂಬೋವರೆಗೆ ತಿಂಗಳು ತಿಂಗಳೂ ಮಾಸಿಕವಿದೆ, ಆಮೇಲೆ ವರ್ಷಾಂತಿಕ, ಮಹಾಲಯ ಪಕ್ಷ ಇವೆ. ಹಾಲು-ತುಪ್ಪ ಬಿಟ್ಟು ಎಡೆ ಇಡುವ ಮನೆತನವಾದರೆ ನಿಮ್ಮ ಪದ್ಧತಿಯಂತೆ ಅವರಿಗೆ ಇಷ್ಟವಾದದ್ದನ್ನು ಮಾಡಿ ಎಡೆ ಇಡಿ. ಅತ್ತೆಯವರ ಕೈಯಲ್ಲೇ ಬಡಿಸಿ. ಶ್ರದ್ಧೆಯಿಂದ ಮಾಡೋದೇ ಶ್ರಾದ್ಧ. ಆದರೆ ಅವರು ಊಟ ನಿದ್ದೆ ಬಿಟ್ಟರೆ, ನಾನೂ ಅವರ ಹಿಂದೆ ಹೋಗಿಬಿಡ್ತೀನಿ ಅಂದರೆ, ಅದನ್ನು ದುಃಖದ ಮಾತು ಅಂತ ತಳ್ಳಿಹಾಕದೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ.

ಬೀಗ ಹಾಕಿದ ಮನೆ

ಧನಿಷ್ಠೆಯ ಉತ್ತರಾರ್ಧದಿಂದ ರೇವತಿಯವರೆಗಿನ ನಕ್ಷತ್ರಗಳಲ್ಲಿ ಸಾವಾದರೆ ಇಷ್ಟು ತಿಂಗಳು ಮನೆ ಬಿಡಬೇಕು ಅಂತ ನಮ್ಮ ಪಂಚಾಂಗಗಳಲ್ಲಿ ಪಟ್ಟಿ ಇರುತ್ತೆ. ಅದು ತೀರಿಕೊಂಡವರ ಮನೆಯವರು ಪಾಲಿಸುವ ನಿಯಮ. ಅವರು ಪಾಲಿಸಿದ್ದಾರೆ, ಅವಧಿಯೂ ಮುಗಿದಿದೆ. ಹೊಸದಾಗಿ ಬರುವ ಬಾಡಿಗೆಯವರಿಗೆ ಅದರ ಶೇಷ ಅಂಟೋದಿಲ್ಲ. ಇಂಥ ಮನೆಗೆ ನಾರಾಯಣ ಬಲಿ ಮಾಡಿಸಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ದುರ್ಮರಣಕ್ಕೀಡಾದವರಿಗಾಗಿ ಅವರ ಸ್ವಂತ ಬಂಧುಗಳು ಮಾಡುವ ಕರ್ಮ. ಇಲ್ಲಿ ಅದಕ್ಕೆ ಕಾರಣವೂ ಇಲ್ಲ, ನಿಮಗೆ ಅಧಿಕಾರವೂ ಇಲ್ಲ.

ಸಾವಿಲ್ಲದ ಮನೆಯ ಸಾಸಿವೆ ಯಾರಿಗೂ ಸಿಕ್ಕಿಲ್ಲ. ಅಜ್ಜಿ ತನ್ನ ಮನೆಯಲ್ಲಿ ಬಾಳಿ ಹೋದರು, ಅಷ್ಟೇ. ಇನ್ನು ರಾತ್ರಿಯ ಸದ್ದು. ಆರು ತಿಂಗಳು ಮುಚ್ಚಿದ ಮನೆಯಲ್ಲಿ ಇಲಿ ಸೇರುತ್ತೆ, ಮರ ಬಿಗಿಯುತ್ತೆ, ಖಾಲಿ ಪೈಪಿನಲ್ಲಿ ಗಾಳಿ ಊದುತ್ತೆ. ಮೊದಲು ಕಿಟಕಿ ತೆಗೆಯಿರಿ, ಸುಣ್ಣ ಬಣ್ಣ ಮಾಡಿಸಿ, ವೈರಿಂಗ್ ನೋಡಿಸಿ. ಆಮೇಲೆ ಪುಣ್ಯಾಹ, ಅನುಕೂಲವಿದ್ದರೆ ಗಣಹೋಮ ಮಾಡಿಸಿ. ಹಾಲುಕ್ಕಿಸಿ, ದೀಪ ಹಚ್ಚಿ, ಅಕ್ಕಪಕ್ಕದವರನ್ನೂ ಊಟಕ್ಕೆ ಕರೆಯಿರಿ.

ಹಾಗಾದರೆ ದೆವ್ವ ಇದೆಯೋ ಇಲ್ಲವೋ?

ನಮ್ಮ ಕೋಲಾರದ ಕಡೆ ಅರ್ಧ ಮನೆಮಾತು ತೆಲುಗು. ಅಲ್ಲಿ ದೆಯ್ಯಂ ಪಟ್ಟಿಂದಿ ಅಂತಾರೆ, ಇಲ್ಲಿ ದೆವ್ವ ಮೆಟ್ಟಿಕೊಂಡಿದೆ ಅಂತಾರೆ. ಎರಡೂ ಪದ ಹುಟ್ಟಿದ್ದು ದೇವರ ಹೆಸರಿನಿಂದಲೇ. ಚಿಕ್ಕಂದಿನಿಂದ ಆ ಮಾತು ಕಿವಿಗೆ ಬಿದ್ದಿರುತ್ತೆ. ಅರ್ಥವಾಗದ ಕಾಯಿಲೆ, ತಡೆಯಲಾಗದ ದುಃಖ, ಕತ್ತಲಲ್ಲಿ ಒಂದು ಸದ್ದು, ಇವು ಬಂದಾಗ ಮನಸ್ಸು ಕೈಗೆ ಸಿಕ್ಕಿದ ಹೆಸರನ್ನು ಹಿಡಿಯುತ್ತೆ. ಒಬ್ಬರ ಭಯ ಬೀದಿಗೆಲ್ಲ ಹರಡುತ್ತೆ. 1990ರ ದಶಕದಲ್ಲಿ ಎಷ್ಟೊಂದು ಮನೆಗಳ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಮನೆಯವರ ದನಿಯಲ್ಲಿ ಕರೆಯುವ ಹೆಣ್ಣು ದೆವ್ವ ಅದನ್ನು ಓದಿ ವಾಪಸ್ ಹೋಗುತ್ತೆ ಅಂತ ಸುದ್ದಿ. ಓದಿದವರೂ ಬರೆದರು, ನಂಬದವರೂ ಯಾವುದಕ್ಕೂ ಇರಲಿ ಅಂತ ಬರೆದರು.

ಪ್ರಶ್ನೆ ಕೇಳೋದು ಅಪಚಾರವಲ್ಲ. ಗೌರಿಬಿದನೂರಿನ ಹತ್ತಿರದ ಹೊಸೂರಿನಲ್ಲಿ, ಅಂದರೆ ಆಗಿನ ಕೋಲಾರ ಜಿಲ್ಲೆಯಲ್ಲೇ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡ ಮತ್ತು ಮೂಢನಂಬಿಕೆಗಳ ತನಿಖೆಗೆ ಸಮಿತಿಯನ್ನೇ ಮಾಡಿದರು. ಅವರ ಎಲ್ಲ ಮಾತನ್ನೂ ಆಸ್ತಿಕರು ಒಪ್ಪಬೇಕಿಲ್ಲ. ಆದರೆ ನೋಡಿ, ವಿಚಾರಿಸಿ, ಆಮೇಲೆ ನಂಬಬೇಕು ಅನ್ನೋದು ಆಸ್ತಿಕರಿಗೂ ಒಳ್ಳೆಯದೇ.

ಶಾಸ್ತ್ರ ಭೂತಗಳಿಲ್ಲ ಅಂತ ಹೇಳೋದಿಲ್ಲ. ಪೂಜೆಯ ಆರಂಭದಲ್ಲಿ ಭೂತೋಚ್ಚಾಟನೆ ಅಂತ ಅಕ್ಷತೆ ಹಾಕಿ, ಇಲ್ಲಿರುವವರು ಸ್ವಲ್ಪ ಸರಿಯಿರಿ ಅಂತ ಕೇಳಿಕೊಂಡು ಮುಂದಕ್ಕೆ ಹೋಗುತ್ತೇವೆ. ಅದಕ್ಕೆ ಹಿಡಿಯೋದು ಅರ್ಧ ನಿಮಿಷ, ಖರ್ಚು ನಾಲ್ಕು ಅಕ್ಕಿಕಾಳು. ಗೃಹಸ್ಥನ ಪಂಚ ಮಹಾಯಜ್ಞಗಳಲ್ಲಿ ಒಂದು ಭೂತಯಜ್ಞ. ಅಲ್ಲಿ ಭೂತ ಅಂದರೆ ಕಾಗೆ, ನಾಯಿ, ಇರುವೆ, ಎಲ್ಲ ಜೀವಿ. ಅವಕ್ಕೆ ಅನ್ನ ಇಡೋದೇ ಆ ಯಜ್ಞ. ಇನ್ನು ಪ್ರೇತ ಭೂತಗಳ ಹಿಂದೆ ಬೀಳೋದು ತಾಮಸ ಅಂತ ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಕೃಷ್ಣನೇ ಹೇಳಿದ್ದಾನೆ. ಇದೆಲ್ಲ ಸೇರಿಸಿ ನೋಡಿದರೆ ದಾರಿ ಸ್ಪಷ್ಟ. ಇದ್ದರೂ ಅನ್ನ ನೀರು ಕೊಟ್ಟು ಕಳಿಸು, ಇಲ್ಲದಿದ್ದರೂ ಜೀವಿಗಳಿಗೆ ಅನ್ನ ಹಾಕು. ಎರಡರಲ್ಲೂ ಭಯಕ್ಕೆ ಜಾಗವಿಲ್ಲ, ಜೀವಂತ ಇರುವವರಿಗೆ ಹೊಡೆಯೋದಕ್ಕೆ ಖಂಡಿತ ಇಲ್ಲ.

ಕೋಲಾರಮ್ಮನ ಗುಡಿಗೆ ಹೋದವರಿಗೆ ಗೊತ್ತು. ಅಮ್ಮನದು ಉಗ್ರದೃಷ್ಟಿ ಅಂತ ಕನ್ನಡಿಯಲ್ಲಿ ದರ್ಶನ ಮಾಡುತ್ತೇವೆ. ಅಲ್ಲೇ ಚೇಳಮ್ಮನೂ ಇದ್ದಾಳೆ, ಕೈಮುಗಿದರೆ ಚೇಳಿನ ಬಾಧೆ ಇಲ್ಲ ಅಂತ ನಂಬಿಕೆ. ಆದರೂ ಚೇಳು ಕುಟುಕಿದರೆ ಚೇಳಮ್ಮನ ಭಕ್ತರೂ ಇಂಜೆಕ್ಷನ್‌ಗೆ ಓಡುತ್ತಾರೆ. ಅದರಿಂದ ಅವರ ಭಕ್ತಿ ಕಡಿಮೆಯಾಗೋದಿಲ್ಲ. ಚೇಳು, ಹಾವು, ನಾಯಿ ಕಚ್ಚಿದವರನ್ನು ಚಿಕಿತ್ಸೆಯಿಂದ ತಡೆದು ಮಂತ್ರ ಹಾಕೋದನ್ನು ಮೇಲೆ ಹೇಳಿದ ಕಾಯ್ದೆಯೂ ನಿಷೇಧಿಸಿದೆ. ಗಾಳಿ ಸೋಕಿದೆ ಅನ್ನೋ ಮನೆಯಲ್ಲೂ ಇದೇ ಕ್ರಮ ಇರಲಿ.

ಗಮನದಲ್ಲಿರಲಿ

ಪರಿಹಾರ ಹೇಳುವವರು ನಿಮ್ಮ ಭಯವನ್ನು ಹೆಚ್ಚಿಸಿದರೆ, ಔಷಧಿ ನಿಲ್ಲಿಸಿ ಅಂದರೆ, ಮನೆಯ ಒಬ್ಬರನ್ನು ಅಥವಾ ಪಕ್ಕದ ಮನೆಯವರನ್ನು ಬೊಟ್ಟು ಮಾಡಿ ತೋರಿಸಿದರೆ, ದುಡ್ಡು ಏರಿಸುತ್ತಾ ಹೋದರೆ, ಅಲ್ಲಿಂದ ಎದ್ದುಬನ್ನಿ. ಸಂಜೆ ದೀಪ ಹಚ್ಚಿ, ಮನೆಯವರೆಲ್ಲ ಕೂತು ಹತ್ತು ನಿಮಿಷ ನಾಮಸ್ಮರಣೆ ಮಾಡಿ. ಕಾಗೆಗೊಂದು ತುತ್ತು ಇಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕಾರ್ಯಕ್ರಮದ ಮನೋವೈದ್ಯರು ಯಾವ ದಿನ ಬರುತ್ತಾರೆ ಅಂತ ವಿಚಾರಿಸಿಟ್ಟುಕೊಳ್ಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ರಾತ್ರಿ ಹಗಲು ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಈ ನಂಬರನ್ನು ದೇವರ ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.