ಬಹುವಾರ್ಷಿಕ ಮೇವಿನ ಬೆಳೆಗಳು
ಅರಸೀಕೆರೆ, ಬೇಲೂರು ಮತ್ತು ಹಳೇಬೀಡು ಭಾಗಗಳ ಹಿಡುವಳಿದಾರರಿಗೂ ಗ್ರಾಮದ ಮುಖಂಡರಿಗೂ ತಿಳಿವಳಿಕೆ

ಬೇಲೂರಿನಿಂದ ಹೊರಟು ಹಳೇಬೀಡು, ಜಾವಗಲ್, ಬಾಣಾವರಗಳ ಮಾರ್ಗವಾಗಿ ಅರಸೀಕೆರೆಗೆ ಬರುವವರು ಒಂದೇ ದಿನದಲ್ಲಿ ಮೂರು ಬಗೆಯ ಸೀಮೆಗಳನ್ನು ಕಾಣುತ್ತಾರೆ. ಬೇಲೂರಿನ ಪಶ್ಚಿಮಕ್ಕೆ ಮಲೆನಾಡಿನ ಮಳೆ, ಕಾಫಿಯ ತೋಟ, ಬತ್ತದ ಗದ್ದೆ. ಹಳೇಬೀಡಿನಲ್ಲಿ ಕೆರೆಯ ಅಚ್ಚುಕಟ್ಟೂ ಬೆದ್ದಲೂ ಬೆರೆತ ಭೂಮಿ. ಅರಸೀಕೆರೆಯಲ್ಲಿ ರಾಗಿಯ ಹೊಲ, ತೆಂಗಿನ ತೋಟ, ಜಲ್ಲಿ ಬೆರೆತ ಕೆಂಪು ನೆಲ. ಪೂರ್ವಕ್ಕೆ ಬಂದಂತೆ ಮಳೆಯು ಕಡಿಮೆಯಾಗುತ್ತದೆ. ಆದರೆ ಮೂರು ಕಡೆಗೂ ಸಮಾನವಾದ ಕಷ್ಟವೊಂದುಂಟು. ಶಿವರಾತ್ರಿ ಕಳೆದ ಮೇಲೆ ಮುಂಗಾರು ಹಿಡಿಯುವವರೆಗೆ ದನಕರುಗಳಿಗೆ ಹಸುರು ಮೇವು ಸಾಲದು.

ಬಣವೆಯ ಹುಲ್ಲು ಮುಗಿಯುತ್ತ ಬಂದಾಗ ರೈತನು ಕರೆಯುವ ಹಸುವನ್ನೇ ಸಂತೆಗೆ ಹೊಡೆಯಬೇಕಾಗುತ್ತದೆ. ಆಗ ಮಾರುವವರು ಬಹುಮಂದಿ, ಕೊಳ್ಳುವವರು ಕೆಲವರು. ಆದಕಾರಣ ಬೆಲೆ ಇಳಿಯುತ್ತದೆ. ಮಳೆ ಬಂದ ಮೇಲೆ ಅಂಥದೇ ಹಸುವನ್ನು ಮರಳಿ ಕೊಳ್ಳಹೋದರೆ ಬೆಲೆ ಏರಿರುತ್ತದೆ. ೨೦೨೩ರಲ್ಲಿ ರಾಜ್ಯದ ೨೨೩ ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದುವು. ಅಂತಹ ವರ್ಷವು ಮತ್ತೆ ಬರುವುದಿಲ್ಲವೆಂದು ನಂಬುವ ರೈತನು ಯಾರೂ ಇಲ್ಲ. ಅದಕ್ಕೆ ಮೊದಲೇ ಸಿದ್ಧವಾಗುವ ಮಾರ್ಗವನ್ನು ಇಲ್ಲಿ ವಿವರಿಸಿದೆ.

೧. ಹಿಂದಿನವರ ಕ್ರಮ

ಮೈಸೂರು ಸಂಸ್ಥಾನದಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (೧೬೭೩–೧೭೦೪) ಬೆಣ್ಣೆಚಾವಡಿ ಎಂಬ ದನಗಳ ಇಲಾಖೆಯಿದ್ದಿತು. ಟಿಪ್ಪು ಸುಲ್ತಾನನ ಕಾಲದಿಂದ ಅದಕ್ಕೆ ಅಮೃತಮಹಲ್ ಎಂಬ ಹೆಸರು ನಿಂತಿತು. ಆ ದನಗಳಿಗಾಗಿ ಹಾಸನವೂ ಸೇರಿ ಹಲವು ಜಿಲ್ಲೆಗಳಲ್ಲಿ ಹುಲ್ಲುಗಾವಲುಗಳನ್ನು ಮೀಸಲಿಟ್ಟಿದ್ದರು, ಅವೇ ಕಾವಲುಗಳು. ಅವುಗಳಲ್ಲಿ ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆಯ ಕಾವಲು ಎಂದು ಮೂರು ವಿಧಗಳಿದ್ದುವು. ನೆರಳೂ ನೀರೂ ಇದ್ದು, ಕೆರೆಯಂಗಳದಲ್ಲಿ ಹುಲ್ಲು ಹಸುರಾಗಿ ಉಳಿಯುವ ಬೇಸಿಗೆಯ ಕಾವಲಿಗೆ ಎಲ್ಲಕ್ಕಿಂತ ಹೆಚ್ಚಿನ ಬೆಲೆ. ಒಂದೇ ಹುಲ್ಲುಗಾವಲು ವರ್ಷವೆಲ್ಲ ದನವನ್ನು ಸಾಕಲಾರದು ಎಂಬುದನ್ನು ಹಿಂದಿನವರು ಚೆನ್ನಾಗಿ ಅರಿತಿದ್ದರು.

ಕಾವಲುಗಳಲ್ಲಿ ಬಹುಪಾಲು ಈಗ ಉಳಿದಿಲ್ಲ. ದನಗಳನ್ನು ಋತುವಿಗೆ ತಕ್ಕಂತೆ ಊರಿಂದೂರಿಗೆ ಸಾಗಿಸುವುದೂ ಈಗ ಸಾಧ್ಯವಲ್ಲ. ಆದರೆ ಆ ಮೂರು ಕಾವಲುಗಳ ಕೆಲಸವನ್ನು ರೈತನ ಜಮೀನಿನಲ್ಲಿಯೇ ನಾಲ್ಕಾರು ಬಗೆಯ ಬಹುವಾರ್ಷಿಕ ಮೇವುಗಳಿಂದ ಮಾಡಿಸಬಹುದು. ಒಮ್ಮೆ ನೆಟ್ಟರೆ ಹಲವು ವರ್ಷ ಕೊಯ್ಲಿಗೆ ಬರುವ ಮೇವಿಗೆ ಬಹುವಾರ್ಷಿಕ ಮೇವೆಂದು ಹೆಸರು.

೨. ಕೂಡಿ ನಡೆಸಿದ ಸಂಶೋಧನೆ

ಮೇವಿನ ಬೆಳೆಯನ್ನು ಒಂದು ಕ್ಷೇತ್ರದಲ್ಲಿ ಮಾತ್ರ ಪರೀಕ್ಷಿಸಿದರೆ ಅದರ ಗುಣ ಪೂರ್ಣವಾಗಿ ತಿಳಿಯದು. ೧೯೬೨ರಲ್ಲಿ ಝಾನ್ಸಿಯಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯು ಸ್ಥಾಪಿತವಾಯಿತು. ಅದರ ದಕ್ಷಿಣದ ಶಾಖೆಯು ಧಾರವಾಡದಲ್ಲಿದೆ. ೧೯೭೦ರಲ್ಲಿ ಅಖಿಲ ಭಾರತ ಸಮನ್ವಿತ ಮೇವಿನ ಬೆಳೆಗಳ ಸಂಶೋಧನಾ ಯೋಜನೆಯು ಆರಂಭವಾಯಿತು. ಈ ಯೋಜನೆಯಲ್ಲಿ ಒಂದೇ ತಳಿಯನ್ನು ಬೇರೆ ಬೇರೆ ಪ್ರಾಂತಗಳ ಕೇಂದ್ರಗಳಲ್ಲಿ ಬೆಳೆದು, ಇಳುವರಿಯನ್ನು ತೂಗಿ, ಫಲಿತಾಂಶಗಳನ್ನು ಒಟ್ಟುಗೂಡಿಸುತ್ತಾರೆ. ಮಂಡ್ಯದ ವಿ. ಸಿ. ಫಾರಂ ಅಂತಹ ಕೇಂದ್ರಗಳಲ್ಲಿ ಒಂದು.

ಮಿಶ್ರಣದ ಗುಣವು ಹೊರದೇಶದಲ್ಲಿಯೂ ಸ್ಪಷ್ಟಪಟ್ಟಿದೆ. ಅಮೆರಿಕದ ಮಿನ್ನೆಸೋಟ ಪ್ರಾಂತದ ಸೀಡರ್ ಕ್ರೀಕ್ ಎಂಬಲ್ಲಿ ೧೯೮೭–೮೮ರ ಬರದ ಕಾಲದಲ್ಲಿ ೨೦೦ಕ್ಕೂ ಹೆಚ್ಚು ಹುಲ್ಲಿನ ತಾಕುಗಳನ್ನು ಅಳೆದು ನೋಡಿದರು. ಹೆಚ್ಚು ಬಗೆಯ ಸಸ್ಯಗಳಿದ್ದ ತಾಕುಗಳು ಕಡಿಮೆ ನಷ್ಟಪಟ್ಟು, ಬೇಗ ಚೇತರಿಸಿಕೊಂಡುವು. ಈ ಫಲಿತಾಂಶವು ೧೯೯೪ರಲ್ಲಿ ಪ್ರಕಟವಾಯಿತು.

೩. ಒಂದೇ ಹುಲ್ಲಿನ ಲೆಕ್ಕ

ರೈತರು ಸೀಮೆಹುಲ್ಲೆಂದು ಕರೆಯುವ ಹೈಬ್ರಿಡ್ ನೇಪಿಯರ್, ನೀರಿದ್ದಲ್ಲಿ ಎಲ್ಲ ಹುಲ್ಲುಗಳಿಗಿಂತ ಹೆಚ್ಚು ಇಳುವರಿ ಕೊಡುತ್ತದೆ. ಒಂದು ಹಸುವಿಗೆ ದಿನಕ್ಕೆ ೨೦ ಕಿಲೋ ಹಸುರು ಮೇವಿನಂತೆ ಎರಡು ಹಸುಗಳಿಗೆ ವರ್ಷಕ್ಕೆ ೧೪,೬೦೦ ಕಿಲೋ ಬೇಕು. ಎಕರೆಗೆ ೬೦ ಟನ್ನಿನಂತೆ ಬಂದರೂ ೧೦ ಗುಂಟೆಯಿಂದ ೧೫ ಟನ್ ದೊರೆಯುತ್ತದೆ. ಕಾಗದದ ಮೇಲೆ ಈ ಲೆಕ್ಕದಲ್ಲಿ ತಪ್ಪಿಲ್ಲ.

ಆದರೆ ಇದು ನೀರನ್ನು ನಂಬಿದ ಲೆಕ್ಕ. ಕೊಳವೆಬಾವಿ ಬತ್ತಿದ ವರ್ಷ ಇಳುವರಿಯು ಕುಸಿಯುತ್ತದೆ. ಮೇವು ಅತ್ಯಂತ ಅಗತ್ಯವಾದ ವರ್ಷವೂ ಅದೇ. ಇದಲ್ಲದೆ, ಸಜ್ಜೆಗೂ ನೇಪಿಯರ್ ಹುಲ್ಲಿಗೂ ಸಂಕರ ಮಾಡಿ ಪಡೆದ ಈ ಹುಲ್ಲು ಬೀಜ ಕಟ್ಟುವುದಿಲ್ಲ, ಕಡ್ಡಿಯಿಂದಲೇ ವೃದ್ಧಿಯಾಗುತ್ತದೆ. ಆದುದರಿಂದ ಒಂದು ತಳಿಯ ಬುಡಗಳೆಲ್ಲ ಒಂದೇ ಗುಣದವು. ಒಂದಕ್ಕೆ ಬಂದ ರೋಗ ಎಲ್ಲಕ್ಕೂ ತಗಲಬಹುದು. ಸುಕಾಲದಲ್ಲಿ ಹೆಚ್ಚು ಕೊಡುವ ಹುಲ್ಲು ಬರಗಾಲದಲ್ಲಿ ದನವನ್ನು ಉಳಿಸುವ ಹುಲ್ಲಲ್ಲ. ಸೀಮೆಹುಲ್ಲನ್ನು ಬೆಳೆಯಬಾರದೆಂದಲ್ಲ, ಅದೊಂದನ್ನೇ ನಂಬಬಾರದು.

೪. ಯಾವ ನೆಲಕ್ಕೆ ಯಾವ ಮೇವು

ಅರಸೀಕೆರೆಯ ಬೆದ್ದಲಿಗೆ: ಅಂಜನ್ ಹುಲ್ಲು ಮತ್ತು ಸ್ಟೈಲೋ. ಅಂಜನ್ ಹುಲ್ಲು ಬಿಸಿಲನ್ನು ಸಹಿಸಿ ಮೊದಲ ಮಳೆಗೇ ಚಿಗುರುತ್ತದೆ. ಸ್ಟೈಲೋ ದ್ವಿದಳ ಸಸ್ಯ; ಬೇರಿನ ಗಂಟುಗಳಿಂದ ನೆಲಕ್ಕೆ ಸಾರಜನಕವನ್ನು ಸೇರಿಸುತ್ತದೆ, ಉದುರಿದ ಬೀಜದಿಂದ ತಾನೇ ಮತ್ತೆ ಹುಟ್ಟುತ್ತದೆ.

ತೆಂಗಿನ ತೋಟಕ್ಕೆ: ಗಿನಿ ಹುಲ್ಲು. ಇದು ನೆರಳಿನಲ್ಲಿಯೂ ಬೆಳೆಯುತ್ತದೆ. ಮರದ ಬುಡದ ಪಾತಿಯನ್ನು ಮಾತ್ರ ಬಿಟ್ಟು ನೆಡತಕ್ಕದ್ದು; ಇಲ್ಲವಾದರೆ ನೀರಿಗೂ ಗೊಬ್ಬರಕ್ಕೂ ಮರದೊಡನೆ ಪೈಪೋಟಿ ನಡೆಸುತ್ತದೆ.

ಹಳೇಬೀಡಿನ ಕೆರೆಯ ಕೆಳಗಿನ ಭೂಮಿಗೂ ಬೇಲೂರಿನ ಗದ್ದೆಯ ಬಯಲಿಗೂ: ನೀರು ನಿಲ್ಲುವ ಕಾಲುವೆಯ ಬದಿಯಲ್ಲಿ ಪ್ಯಾರಾ ಹುಲ್ಲು. ಸೀಮೆಹುಲ್ಲು ನಿಂತ ನೀರನ್ನು ಸಹಿಸದು; ಅದನ್ನು ಬಸಿದುಹೋಗುವ ದಿಣ್ಣೆಯಲ್ಲಿ ಹಾಕುವುದು ಯುಕ್ತ. ಲೂಸರ್ನ್ ಎಂಬ ಕುದುರೆಮಸಾಲೆಗೆ ನೀರಾವರಿಯೂ ಬಸಿಯುವ ನೆಲವೂ ಬೇಕು. ಬೇಲೂರಿನ ಪಶ್ಚಿಮದ ಹುಳಿಮಣ್ಣು ಅದಕ್ಕೆ ಒಗ್ಗದು.

ಎಲ್ಲ ಕಡೆಯ ಬದುಗಳಿಗೂ ಬೇಲಿಗೂ: ಅಗಸೆ, ಗ್ಲಿರಿಸಿಡಿಯ, ಸುಬಾಬುಲ್, ನುಗ್ಗೆ. ಬುಡದ ಹುಲ್ಲು ಒಣಗಿದಾಗಲೂ ಆಳದ ಬೇರುಳ್ಳ ಮರದಲ್ಲಿ ಸೊಪ್ಪಿರುತ್ತದೆ. ಇದೇ ಈಗಿನ ಬೇಸಿಗೆಯ ಕಾವಲು.

೫. ಸಾಗುವಳಿಯ ಕ್ರಮ

ಸೀಮೆಹುಲ್ಲನ್ನು ಎರಡು ಗೆಣ್ಣುಗಳ ಕಡ್ಡಿಯಿಂದ, ಸಾಲಿನಿಂದ ಸಾಲಿಗೆ ೩ ಅಡಿ, ಗಿಡದಿಂದ ಗಿಡಕ್ಕೆ ೨ ಅಡಿ ಅಂತರದಲ್ಲಿ ನೆಡಬೇಕು. ಮೊದಲ ಕೊಯ್ಲು ೭೦–೮೦ ದಿನಗಳಿಗೆ. ಆಮೇಲೆ ೪೫ ದಿನಗಳಿಗೊಮ್ಮೆ. ನೆಲಮಟ್ಟಕ್ಕೆ ಕೊಯ್ಯದೆ ೪ ರಿಂದ ೬ ಅಂಗುಲ ಕೂಳೆ ಬಿಡತಕ್ಕದ್ದು. ಅಂಜನ್ ಬೀಜವು ಹೊಸದಾದರೆ ಮೊಳೆಯುವುದು ಕಡಿಮೆ. ಕೆಲವು ತಿಂಗಳು ಇಟ್ಟ ಬೀಜವನ್ನು ಹಸಿ ಮರಳಿನೊಡನೆ ಬೆರೆಸಿ, ಅರ್ಧ ಅಂಗುಲಕ್ಕಿಂತ ಆಳಕ್ಕೆ ಹೋಗದಂತೆ ಬಿತ್ತಬೇಕು. ಎಕರೆಗೆ ಸುಮಾರು ೨ ಕಿಲೋ ಸಾಕು. ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ. ೮೦ ಡಿಗ್ರಿ ಬಿಸಿಯ ನೀರಿನಲ್ಲಿ ೪ ನಿಮಿಷವಿಟ್ಟು, ಬಳಿಕ ರಾತ್ರಿಯೆಲ್ಲ ತಣ್ಣೀರಿನಲ್ಲಿ ನೆನೆಸಿ ಬಿತ್ತಬೇಕು. ಮೊದಲ ವರ್ಷ ಈ ತಾಕಿಗೆ ದನ ಬಿಡಕೂಡದು.

೬. ಮೇಯಿಸುವಾಗ ಎಚ್ಚರಿಕೆ

ಕುದುರೆಮಸಾಲೆಯನ್ನು ಹಸಿದ ಹೊಟ್ಟೆಗೆ ಹಸಿಯಾಗಿ ಕೊಟ್ಟರೆ ಹೊಟ್ಟೆಯುಬ್ಬರ ಬರುತ್ತದೆ. ಮೊದಲು ಒಣಹುಲ್ಲು ಹಾಕಿ ಅನಂತರ ಕೊಡತಕ್ಕದ್ದು. ಸುಬಾಬುಲ್ ಸೊಪ್ಪಿನಲ್ಲಿ ಮಿಮೋಸಿನ್ ಎಂಬ ವಿಷಾಂಶವಿದೆ. ಒಟ್ಟು ಮೇವಿನ ಮೂರರಲ್ಲೊಂದು ಪಾಲನ್ನು ಮೀರಬಾರದು. ಸೀಮೆಹುಲ್ಲಿನಲ್ಲಿರುವ ಆಕ್ಸಲೇಟು ದನದ ದೇಹಕ್ಕೆ ಸುಣ್ಣದಂಶವು ದಕ್ಕದಂತೆ ಮಾಡುತ್ತದೆ. ಆದುದರಿಂದ ಅದರೊಡನೆ ದ್ವಿದಳ ಮೇವನ್ನು ಬೆರೆಸುವುದು ಅವಶ್ಯಕ. ಹೊಲದಲ್ಲಿ ಹೇಗೋ ಗೊಂತಿನಲ್ಲಿಯೂ ಹಾಗೆಯೇ: ಬೆರಕೆಯೇ ಕ್ಷೇಮ.

೭. ಗ್ರಾಮದವರು ಕೂಡಿ ಮಾಡಬೇಕಾದ ಪರೀಕ್ಷೆ

ಮಂಡ್ಯದ ನಾಲೆಯ ನೀರಿನಲ್ಲಿ ಕಂಡ ಇಳುವರಿಯು ಬಾಣಾವರದ ಜಲ್ಲಿನೆಲದಲ್ಲಿ ಬಾರದಿರಬಹುದು. ತಮ್ಮ ನೆಲದ ಗುಣವನ್ನು ಗ್ರಾಮದವರೇ ಪರೀಕ್ಷಿಸಿ ನೋಡುವುದು ಒಳ್ಳೆಯದು. ಕ್ರಮ ಹೀಗೆ:

(ಅ) ದಿಣ್ಣೆಯಲ್ಲಿ ಒಬ್ಬರು, ನಡುನೆಲದಲ್ಲಿ ಒಬ್ಬರು, ತಗ್ಗಿನಲ್ಲಿ ಒಬ್ಬರಂತೆ ಮೂವರು ಹಿಡುವಳಿದಾರರು ತಲಾ ಒಂದು ಗುಂಟೆಯನ್ನು, ಅಂದರೆ ೩೩ ಅಡಿ ಚೌಕವನ್ನು, ಬಿಡುವುದು.

(ಆ) ಅದನ್ನು ೧೧ ಅಡಿ ಅಗಲದ ಮೂರು ಪಟ್ಟೆಗಳಾಗಿ ಮಾಡಿ, ಒಂದರಲ್ಲಿ ಹುಲ್ಲು, ಒಂದರಲ್ಲಿ ದ್ವಿದಳ, ಒಂದರಲ್ಲಿ ಎರಡನ್ನೂ ಸಾಲುಬಿಟ್ಟು ಸಾಲು ಹಾಕುವುದು.

(ಇ) ಮೂವರೂ ಒಂದೇ ಬೀಜವನ್ನು ಒಂದೇ ವಾರದಲ್ಲಿ ಬಿತ್ತಿ, ಒಂದೇ ದಿನ ಕೊಯ್ದು, ಅಂಚಿನ ಸಾಲುಗಳನ್ನು ಬಿಟ್ಟು ಒಂದೇ ತಕ್ಕಡಿಯಲ್ಲಿ ತೂಗುವುದು.

(ಈ) ತಾರೀಖು, ತೂಕ, ಗ್ರಾಮ ಪಂಚಾಯಿತಿಯ ಮಳೆಮಾಪಕದ ಅಂಕಿ, ದನಗಳು ತಿಂದುವೋ ಬಿಟ್ಟುವೋ ಎಂಬುದನ್ನು ಪುಸ್ತಕದಲ್ಲಿ ಬರೆಯುವುದು.

(ಉ) ಬೇಸಿಗೆ ಕಳೆದ ಮೇಲೆ ಪ್ರತಿ ಪಟ್ಟೆಯಲ್ಲಿ ಬದುಕಿ ಉಳಿದ ಬುಡಗಳನ್ನು ಎಣಿಸುವುದು. ಬಹುವಾರ್ಷಿಕ ಮೇವಿನ ಯೋಗ್ಯತೆಯು ಮೊದಲ ಕೊಯ್ಲಿನ ತೂಕದಲ್ಲಿಲ್ಲ, ಈ ಎಣಿಕೆಯಲ್ಲಿದೆ.

ಸೋತ ಪಟ್ಟೆಯನ್ನು ನಾಚಿಕೆಯಿಂದ ಮುಚ್ಚಿಡಬಾರದು. ಒಬ್ಬರ ಒಂದು ಗುಂಟೆಯ ಸೋಲು ನೆರೆಯವರ ಒಂದು ಎಕರೆಯನ್ನು ಉಳಿಸುತ್ತದೆ.

ಊರಿನ ಗೋಮಾಳದ ವಿಷಯದಲ್ಲಿಯೂ ಮುಖಂಡರು ಮುಂದಾಗಬೇಕು. ಗೋಮಾಳವನ್ನು ಮೂರು ಭಾಗ ಮಾಡಿ, ಪ್ರತಿ ಮಳೆಗಾಲದಲ್ಲಿ ಒಂದು ಭಾಗಕ್ಕೆ ಬೀಜ ಕಟ್ಟುವವರೆಗೆ ದನ ಬಿಡದಿದ್ದರೆ ಹುಲ್ಲು ತಾನಾಗಿ ದಟ್ಟವಾಗುತ್ತದೆ. ಅಲ್ಲಿಯ ಹುಲ್ಲನ್ನು ಕೊಯ್ದು ಹಂಚುವಾಗ ಜಮೀನಿಲ್ಲದವರ ಪಾಲನ್ನು ಮೊದಲು ಎತ್ತಿಡತಕ್ಕದ್ದು; ಅವರ ಒಂದು ಹಸುವಿಗೆ ಬೇರೆ ಆಧಾರವಿಲ್ಲ.

ಈ ಮಳೆಗಾಲದಲ್ಲಿ ಬದುವಿಗೆ ನಾಲ್ಕು ಅಗಸೆ, ಬೆದ್ದಲಿಗೆ ಒಂದು ಗುಂಟೆ ಅಂಜನ್ ಮತ್ತು ಸ್ಟೈಲೋ, ತೋಟಕ್ಕೆ ನಾಲ್ಕು ಸಾಲು ಗಿನಿ ಹುಲ್ಲು: ಇಷ್ಟರಿಂದ ಆರಂಭಿಸಿದರೂ ಸಾಕು. ಬರ ಬಂದ ವರ್ಷ ಹಸುವು ಸಂತೆಗೆ ಹೋಗದೆ ಕೊಟ್ಟಿಗೆಯಲ್ಲಿಯೇ ಉಳಿದರೆ ಈ ಶ್ರಮವೆಲ್ಲ ಸಾರ್ಥಕ.